ಮದ್ದಿಗೆ ಸುತ್ತಿದ ಎಲೆ

"ಬುದ್ಧಿ, ಕದಿಯಲು ಏನೂ ಇಲ್ಲದ ಮನೆಗೆ ಬೀಗ ಯಾಕೆ ಬೇಕು?"

ಮರುಳಸಿದ್ಧ ಹೀಗೆ ಕೇಳಿದಾಗ ಗುರುಗಳು ಮಠದ ಹಿಂದಿನ ಜಗಲಿಯಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ.

"ಯಾರ ಮನೆಯಪ್ಪಾ ಅದು?" ಎಂದರು.

"ಮನೆಯಲ್ಲ ಬುದ್ಧಿ, ನನ್ನ ವೆಬ್‌ಸೈಟು."

ಮರುಳಸಿದ್ಧ ಮಠದ ಶಾಲೆಯಲ್ಲಿ ಕನ್ನಡ ಮೇಷ್ಟ್ರು. ರಜೆ ಬಂದರೆ ಸಾಕು, ಊರೂರು ತಿರುಗಿ ಹೆಂಗಸರ ಬಾಯಿಂದ ಸೋಬಾನೆ ಪದ, ಬೀಸುವ ಪದ ಬರೆದುಕೊಂಡು ಬರುತ್ತಿದ್ದ. ಅವನ್ನೆಲ್ಲ ಒಂದು ಸಣ್ಣ ವೆಬ್‌ಸೈಟಿನಲ್ಲಿ ಹಾಕುತ್ತಿದ್ದ. ದಿನಕ್ಕೆ ಮೂವತ್ತೋ ನಲವತ್ತೋ ಜನ ಓದುತ್ತಿದ್ದರು. ಈಗ ಆರು ತಿಂಗಳಿಂದ ಅದನ್ನು ತೆರೆದವರ ಬ್ರೌಸರಿನ ಮೇಲ್ತುದಿಯಲ್ಲಿ 'ಸುರಕ್ಷಿತವಲ್ಲ' ಎಂಬ ಮಾತು ಕಾಣಿಸತೊಡಗಿತ್ತು. ಮೊನ್ನೆ ಒಬ್ಬರು ಫೋನು ಮಾಡಿ, "ಏನು ಮೇಷ್ಟ್ರೇ, ನಿಮ್ಮ ಪದ ಓದಲು ಹೋದರೆ ಕಳ್ಳರ ಮನೆಗೆ ಕಾಲಿಟ್ಟ ಹಾಗೆ ಹೆದರಿಸುತ್ತದಲ್ಲ" ಎಂದು ನಕ್ಕಿದ್ದರು. ಅಂದಿನಿಂದ ಅವನಿಗೆ ಮನಸ್ಸು ಸರಿಯಿರಲಿಲ್ಲ.

"ಓದುವವರ ಮೊಬೈಲಿಗೂ ನನ್ನ ಸೈಟಿಗೂ ನಡುವೆ ಏನು ಹೋಗಿಬಂದರೂ ಅದನ್ನು ನಡುವಿನವರು ಓದಲಾರದ ಹಾಗೆ ಮುಚ್ಚಿ ಕಳಿಸುವ ಏರ್ಪಾಡು ಒಂದಿದೆ ಬುದ್ಧಿ. ಎನ್‌ಕ್ರಿಪ್ಷನ್ ಎನ್ನುತ್ತಾರೆ. ಅದನ್ನು ಮಾಡಿಸಿಕೊಂಡರೆ ಬೀಗದ ಗುರುತು ಬರುತ್ತದೆ, ಆ ಹೆದರಿಸುವ ಮಾತು ಹೋಗುತ್ತದೆ. ಬ್ಯಾಂಕಿಗೆ ಅದು ಬೇಕು, ಒಪ್ಪುತ್ತೇನೆ. ಅಂಗಡಿಯವರಿಗೂ ಬೇಕು. ನಾನು ಏನು ಮಾರುತ್ತೇನೆ? ಯಾರ ಹೆಸರು ಕೇಳುತ್ತೇನೆ? ಬೀಸುವ ಪದದಲ್ಲಿ ಮುಚ್ಚಿಡುವಂಥದ್ದು ಏನಿದೆ?"

"ಕಷ್ಟದ ಕೆಲಸವೋ?"

"ತಿಳಿದವರಿಗೆ ಒಂದು ಗಂಟೆಯ ಕೆಲಸವಂತೆ. ನನಗೆ ಎಷ್ಟು ಭಾನುವಾರ ಬೇಕೋ ಗೊತ್ತಿಲ್ಲ. ಹೋದ ವರ್ಷ ಏನನ್ನೋ ಮುಟ್ಟಲು ಹೋಗಿ ಎಂಟು ದಿನ ಸೈಟೇ ಮಾಯವಾಗಿತ್ತು. ಇನ್ನೂರು ಪದ ಹೋಗಿಯೇಬಿಟ್ಟವು ಎಂದು ಎದೆ ಒಡೆದುಕೊಂಡಿದ್ದೆ. 'ಸಣ್ಣ ಸೈಟು, ಬೇಡ ಬಿಡು' ಎಂದು ನೀವು ಒಂದು ಮಾತು ಹೇಳಿದರೆ ನಾನು ನೆಮ್ಮದಿಯಾಗಿ ಇರುತ್ತೇನೆ."

ಗುರುಗಳು ಈಗ ತಲೆ ಎತ್ತಿದರು.

"ಓಹೋ! ಪ್ರಶ್ನೆ ಕೇಳಲು ಬಂದೆಯೋ, ರಜೆ ಕೇಳಲು ಬಂದೆಯೋ? ಕೂತುಕೋ. ಕೈ ಕಟ್ಟಿಕೊಂಡು ಕತೆ ಕೇಳಬೇಡ, ಆ ಮೊರ ಹತ್ತಿರ ಎಳೆದುಕೋ."

ಮರುಳಸಿದ್ಧ ಕೂತ. ಗುರುಗಳು ಕತೆ ಹೇಳತೊಡಗಿದರು.

ಒಂದು ಹೊಳೆ. ಹೊಳೆಯ ಆಚೆ ದಡದಲ್ಲಿ ಮದ್ದು ಕೊಡುವ ಹೆಂಗಸೊಬ್ಬಳಿದ್ದಳು. ಜನ ಅವಳನ್ನು ಅವ್ವ ಎನ್ನುತ್ತಿದ್ದರು. ಈಚೆ ದಡದಲ್ಲಿ ಏಳು ಹಳ್ಳಿ. ಏಳು ಹಳ್ಳಿಗೂ ಅವಳದೇ ಮದ್ದು. ಒಂದು ಕಾಸು ಮುಟ್ಟುತ್ತಿರಲಿಲ್ಲ. ಯಾರಾದರೂ ತೆಂಗಿನಕಾಯಿ ತಂದು ಮುಂದಿಟ್ಟರೆ, "ಮದ್ದಿನ ಗುಣ ಕೆಡಿಸಬೇಡಿ, ಎತ್ತಿಕೊಳ್ಳಿ ಅದನ್ನ" ಎಂದು ಗದರಿಸುತ್ತಿದ್ದಳು. ಬಾಯಿ ಜೋರು, ಕೈ ಮೆತ್ತಗೆ. ಅವಳ ಕೈಗುಣವನ್ನು ಏಳೂ ಹಳ್ಳಿಯವರು ಹೊಗಳುತ್ತಿದ್ದರು.

ಮೊದಮೊದಲು ಅವಳು ಎಲ್ಲ ಪುಡಿಯನ್ನೂ ಒಂದೇ ಜಾತಿಯ ಎಲೆಯಲ್ಲಿ ಮಡಿಚಿ ಕೊಡುತ್ತಿದ್ದಳು. ಒಮ್ಮೆ ಒಬ್ಬ ಮುದುಕಿ ಗಂಡನ ಹೊಟ್ಟೆನೋವಿಗೊಂದು, ಮೊಮ್ಮಗಳ ಜ್ವರಕ್ಕೊಂದು ಪೊಟ್ಟಣ ಒಯ್ದಳು. ಕಣ್ಣು ಮಂಜು. ಮನೆಗೆ ಹೋಗಿ ಅದನ್ನು ಇವಳಿಗೆ, ಇದನ್ನು ಅವನಿಗೆ ಕುಡಿಸಿಬಿಟ್ಟಳು. ಕೂಸು ಎರಡು ದಿನ ಒದ್ದಾಡಿ ಬದುಕಿಕೊಂಡಿತು. 

ಮೂರನೆಯ ದಿನ ಅವ್ವ ಒಂದು ಏರ್ಪಾಡು ಮಾಡಿದಳು. ಕೆಮ್ಮಿನ ಮದ್ದಿಗೆ ಮುತ್ತುಗದ ಎಲೆ. ಜ್ವರಕ್ಕೆ ಆಲದ ಎಲೆ. ಹೊಟ್ಟೆನೋವಿಗೆ ಹಲಸಿನದು. ತೊನ್ನಿಗೆ ಹರಳೆಲೆ. ಮೂರ್ಛೆ ರೋಗಕ್ಕೆ ತೇಗದ ಎಲೆ. ಓದು ಬಾರದವರಿಗೂ ಗುರುತು ಸಿಗಬೇಕು, ಕಣ್ಣು ಕಾಣದವರೂ ಮುಟ್ಟಿ ತಿಳಿಯಬೇಕು ಎಂದು ಒರಟು ನಯ ನೋಡಿ ಎಲೆ ಆರಿಸಿದಳು. ಅಲ್ಲಿಂದ ಮುಂದೆ ಒಂದು ಮದ್ದೂ ಅದಲುಬದಲಾಗಲಿಲ್ಲ.

"ಜಾಣೆ ಬುದ್ಧಿ!" ಎಂದ ಮರುಳಸಿದ್ಧ.

"ಜಾಣೆಯೇ. ಒಳ್ಳೆಯವಳೂ ಹೌದು. ಮುಂದೆ ಕೇಳು."

ಹೊಳೆ ದಾಟಲು ಇದ್ದದ್ದು ಒಂದೇ ಹರಿಗೋಲು. ಹರಿಗೋಲು ಎಂದರೆ ನಿನಗೆ ಗೊತ್ತಲ್ಲ, ದುಂಡಗಿನ ಬುಟ್ಟಿ. ಅದರಲ್ಲಿ ಒಬ್ಬರ ಹಿಂದೆ ಒಬ್ಬರು ಕೂರುವ ಹಾಗಿಲ್ಲ. ಸುತ್ತಲೂ ಕೂರಬೇಕು, ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು, ಎದುರುಬದುರು ಮುಖ ನೋಡಿಕೊಂಡು. ತಳದಲ್ಲಿ ನೀರು ಜಿನುಗುತ್ತಿರುತ್ತದೆ. ಆದ್ದರಿಂದ ಮದ್ದಿನ ಪೊಟ್ಟಣವನ್ನು ಕೆಳಗಿಡುವಂತಿಲ್ಲ. ಎಲ್ಲರ ಪೊಟ್ಟಣವೂ ಅವರವರ ಮಡಿಲ ಮೇಲೆ.

ಹುಟ್ಟು ಹಾಕುವವನು ಒಬ್ಬ ಅಂಬಿಗ. ಅವನು ಕೆಟ್ಟವನಲ್ಲ, ಇದನ್ನು ಚೆನ್ನಾಗಿ ನೆನಪಿಟ್ಟುಕೋ. ಕುಡಿಯುತ್ತಿರಲಿಲ್ಲ, ಸುಳ್ಳು ಹೇಳುತ್ತಿರಲಿಲ್ಲ, ಮುದುಕರನ್ನು ಕೈಹಿಡಿದು ಇಳಿಸುತ್ತಿದ್ದ. ಆದರೆ ದಿನವೆಲ್ಲ ಕೈಗೆ ಕೆಲಸ, ನಾಲಿಗೆಗೆ ಬಿಡುವು. ನೋಡಿ ನೋಡಿ ಅವನಿಗೆ ಎಲೆಗಳೆಲ್ಲ ಬಾಯಿಪಾಠವಾದವು. "ಅಜ್ಜ, ಇನ್ನೂ ಮುತ್ತುಗವೇ? ಕೆಮ್ಮು ಬಿಡಲಿಲ್ಲವೇ? ಬಾ, ಗಾಳಿ ತಾಗದ ಕಡೆ ಕೂತುಕೋ" ಎನ್ನುತ್ತಿದ್ದ. ಅಜ್ಜನಿಗೆ ಸಂತೋಷವಾಗುತ್ತಿತ್ತು. ಅವನಿಂದ ಕೇಳಿ ಕೇಳಿ ಏಳು ಹಳ್ಳಿಯ ಜನಕ್ಕೂ ಎಲೆಯ ಲೆಕ್ಕ ಗೊತ್ತಾಯಿತು. ಯಾರ ಮನೆಗೆ ಯಾವ ಎಲೆ ಹೋಯಿತು ಎಂಬುದು ಬಾವಿಕಟ್ಟೆಯ ಮಾತಾಯಿತು. ಅದರಲ್ಲಿ ಯಾರಿಗೂ ತಪ್ಪು ಕಾಣಲಿಲ್ಲ. ಪುಕ್ಕಟೆ ಕೊಡುವ ಮದ್ದು, ಅದರಲ್ಲಿ ಗುಟ್ಟೇನು ಎಂದುಕೊಂಡರು. ಅವ್ವನೂ ಹಾಗೆಯೇ ಅಂದುಕೊಂಡಿದ್ದಳು.

ಈಚೆ ದಡದ ಒಂದು ಹಳ್ಳಿಯಲ್ಲಿ ಒಬ್ಬ ಕುಂಬಾರ. ಅವನಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳಿಗೆ ಒಂಬತ್ತನೆಯ ವಯಸ್ಸಿನಿಂದ ಮೂರ್ಛೆ ರೋಗ. ಕುಂಬಾರ ಪ್ರತಿ ಅಮಾವಾಸ್ಯೆಯ ಮಾರನೆಯ ದಿನ ತಪ್ಪದೆ ಹೊಳೆ ದಾಟಿ ತೇಗದೆಲೆಯ ಪೊಟ್ಟಣ ತರುತ್ತಿದ್ದ. ಆ ಪುಡಿ ತಿನ್ನುತ್ತ, ಮದುವೆಯ ವಯಸ್ಸಿಗೆ ಬರುವ ಹೊತ್ತಿಗೆ ಮೂರು ವರ್ಷದಿಂದ ಅವಳು ಒಮ್ಮೆಯೂ ಬಿದ್ದಿರಲಿಲ್ಲ. ಮಣ್ಣು ತುಳಿಯುತ್ತಿದ್ದಳು, ಮಡಕೆ ತಟ್ಟುತ್ತಿದ್ದಳು, ಅದನ್ನು ಸುಡುವ ಆವಿಗೆಗೆ ಬೆಂಕಿ ಹಾಕುತ್ತಿದ್ದಳು. ನಗು ಬಂದರೆ ಮೂರು ಮನೆಗೆ ಕೇಳಿಸುವ ಹುಡುಗಿ.

ಅವಳಿಗೆ ಆ ಏಳು ಹಳ್ಳಿಯ ಆಚೆಗಿನ ಒಂದು ಊರಿನಿಂದ ಗಂಡು ಬಂತು. ಒಪ್ಪಿಗೆಯಾಯಿತು. ಗಂಡಿನ ಸೋದರಮಾವ ತನ್ನ ಹೊಟ್ಟೆನೋವಿಗೆ ಮದ್ದು ತರಲೆಂದು ಒಂದು ದಿನ ಹೊಳೆ ದಾಟಿದ. ದಾಟುವಾಗ ಸುಮ್ಮನೆ ಮಾತಿಗೆ, "ಆ ಕುಂಬಾರನ ಮನೆಯವರು ಹೇಗಪ್ಪಾ?" ಎಂದು ಕೇಳಿದ.

ಅಂಬಿಗ ಮುಖ ಅರಳಿಸಿ, "ಚಿನ್ನದಂಥ ಜನ! ಮಗಳೆಂದರೆ ಅವನಿಗೆ ಪ್ರಾಣ. ಬಿಸಿಲಿರಲಿ ಮಳೆಯಿರಲಿ, ಒಂದು ತಿಂಗಳೂ ತಪ್ಪಿಸದೆ ಅವಳಿಗೆ ತೇಗದೆಲೆ ಒಯ್ಯುತ್ತಾನೆ" ಎಂದ.

ನೋಡು ಮಾರಾಯ, ಹೊಗಳಲೆಂದೇ ಹೇಳಿದ. ಸೋದರಮಾವ ಪಕ್ಕದಲ್ಲಿ ಕೂತವನನ್ನು ತೇಗದೆಲೆ ಯಾವುದಕ್ಕೆ ಎಂದು ಕೇಳಿದ. ಅವನೂ ಹೇಳಿದ. ಮೂರನೆಯ ದಿನಕ್ಕೆ ಸಂಬಂಧ ಮುರಿಯಿತು.

ಮರುಳಸಿದ್ಧನ ಕೈ ನಿಂತಿತು. "ಬುದ್ಧಿ, ಒಂದು ಮಾತು. ಗಂಡಿನವರಿಗೆ ತಿಳಿಯಬೇಕಾದ ವಿಷಯವೇ ಅಲ್ಲವೇ ಅದು? ಮುಚ್ಚಿಟ್ಟು ಮದುವೆ ಮಾಡುವುದು ಸರಿಯೇ?"

"ಸರಿಯಲ್ಲ. ತಿಳಿಯಬೇಕಾದದ್ದೇ. ಆ ಹುಡುಗಿ ಹೇಳಬೇಕೆಂದೇ ಇದ್ದಳು. ಹೇಗೆ ಶುರುಮಾಡಲಿ, ಯಾವ ಮಾತಿನಿಂದ ಶುರುಮಾಡಲಿ ಎಂದು ಮನಸ್ಸಿನಲ್ಲೇ ಹತ್ತು ಸಲ ಹೇಳಿಕೊಂಡು ನೋಡಿದ್ದಳು. ಹೇಳುವ ಬಾಯಿ ಅವಳದಾಗಬೇಕಿತ್ತು. ಹರಿಗೋಲು ಹೇಳಿಬಿಟ್ಟಿತು."

ಗುರುಗಳು ಒಂದು ಹಿಡಿ ಕಾಯಿ ಎತ್ತಿಕೊಂಡು ಮತ್ತೆ ಮುಂದುವರಿಸಿದರು.

ಕುಂಬಾರ ಅಂಬಿಗನ ಹತ್ತಿರ ಜಗಳಕ್ಕೆ ಹೋಗಲಿಲ್ಲ. ಯಾರ ಎದುರೂ ಅಳಲಿಲ್ಲ. ಆದರೆ ಮುಂದಿನ ಅಮಾವಾಸ್ಯೆ ಕಳೆದಾಗ ಅವನು ಹೊಳೆಯ ಕಡೆ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ಅವನ ಸುದ್ದಿ ಕೇಳಿ ತೇಗದೆಲೆಯ ಉಳಿದವರೂ ಒಬ್ಬೊಬ್ಬರಾಗಿ ನಿಂತರು. ಹರಳೆಲೆಯವರೂ ನಿಂತರು.

ಅವ್ವನಿಗೆ ಇದು ಸೋಜಿಗವಾಯಿತು. ಕೆಮ್ಮಿನವರು ಬರುತ್ತಿದ್ದಾರೆ, ಜ್ವರದವರು ಬರುತ್ತಿದ್ದಾರೆ, ಮೂರ್ಛೆಯವರು, ತೊನ್ನಿನವರು ಮಾತ್ರ ಒಬ್ಬರೂ ಇಲ್ಲ. ನಾಲ್ಕು ತಿಂಗಳಾಯಿತು. ಅಂಬಿಗನನ್ನು ಕರೆದು ಕೇಳಿದಳು.

"ಏನಪ್ಪಾ, ತೇಗದೆಲೆಯವರು, ಹರಳೆಲೆಯವರು ಯಾರೂ ಬರುತ್ತಿಲ್ಲವಲ್ಲ?"

"ಇನ್ನೇನವ್ವ, ನಿನ್ನ ಕೈಗುಣ! ರೋಗವೇ ಏಳು ಹಳ್ಳಿ ಬಿಟ್ಟು ಓಡಿಹೋಗಿದೆ" ಎಂದ ಅವನು. ಅವನಿಗೂ ಹಾಗೆಯೇ ಅನ್ನಿಸಿತ್ತು, ಪಾಪ.

ಅವ್ವ ನಂಬಿದಳು. ಮನುಷ್ಯಳು ತಾನೇ, ಒಳಗೊಳಗೇ ಉಬ್ಬಿಹೋದಳು. ತನ್ನ ತಾಯಿಗೂ ಆಗದ ಕೆಲಸ ತನ್ನಿಂದ ಆಯಿತು ಎಂದುಕೊಂಡಳು. ಒಣಗಿಸಿ ಕಟ್ಟಿಟ್ಟಿದ್ದ ತೇಗದೆಲೆಯ ಹೊರೆ ಇನ್ನು ಯಾಕೆ ಎಂದು ಒಲೆಗೆ ಹಾಕಿದಳು. ಆ ಉರಿಯಲ್ಲೇ ಕಷಾಯ ಕಾಯಿಸಿದಳು. ಉರಿ ಜೋರಾಗಿ ಕಷಾಯದ ಮಡಕೆ ಸೀಳಿತು.

ಹೊಸ ಮಡಕೆಗೆಂದು ಮಾರನೆಯ ದಿನ ತಾನೇ ಹೊಳೆ ದಾಟಿ ಕುಂಬಾರನ ಮನೆಗೆ ಹೋದಳು. ಮೂರ್ಛೆಯಿಂದ ಪಾರಾದ ಹುಡುಗಿಯನ್ನು ಕಣ್ಣಾರೆ ನೋಡುವ ಆಸೆಯೂ ಇತ್ತು.

ಹುಡುಗಿ ಗೋಡೆಗೆ ಒರಗಿ ಕೂತಿದ್ದಳು. ಬಲಗೈಗೆ ಮೊಣಕೈವರೆಗೆ ಬಟ್ಟೆ ಸುತ್ತಿತ್ತು. ಆವಿಗೆಗೆ ಸೌದೆ ಒಟ್ಟುವಾಗ ಬಿದ್ದಿದ್ದಳು. ತಂಗಿ ಪಕ್ಕದಲ್ಲಿದ್ದಳಾಗಿ ಎಳೆದುಕೊಂಡಳು, ಇಲ್ಲದಿದ್ದರೆ ಕೈಯಷ್ಟೇ ಅಲ್ಲ, ಜೀವವೇ ಹೋಗುತ್ತಿತ್ತು.

ಅವ್ವ ಕುಂಬಾರನ ಕಡೆ ತಿರುಗಿ, "ಅಯ್ಯೋ ಪಾಪಿ, ಮದ್ದು ನಿಲ್ಲಿಸಿದೆಯಾ?" ಎಂದು ಕೂಗಿದಳು.

"ಮದ್ದು ನಿಲ್ಲಿಸಲಿಲ್ಲ ಅವ್ವ. ಹರಿಗೋಲು ಹತ್ತುವುದನ್ನು ನಿಲ್ಲಿಸಿದೆ" ಎಂದ ಕುಂಬಾರ. ನಡೆದದ್ದನ್ನೆಲ್ಲ ಹೇಳಿದ. "ಇವಳದಂತೂ ಹೀಗಾಯಿತು. ಚಿಕ್ಕವಳೂ ಇದ್ದಾಳಲ್ಲ. ಇನ್ನೊಂದು ತೇಗದೆಲೆ ಈ ಮನೆಯ ಹೊಸಿಲು ದಾಟಿದರೆ ಅವಳನ್ನೂ ಯಾರೂ ಕೇಳುವುದಿಲ್ಲ."

ಆಗ ಹುಡುಗಿ ಬಾಯಿಬಿಟ್ಟಳು. "ಅವ್ವ, ನನಗೆ ಮದ್ದು ಬೇಕು. ಎಲೆ ಬೇಡ" ಎಂದಳು.

ಅವ್ವ ಮಡಕೆ ತೆಗೆದುಕೊಳ್ಳುವುದನ್ನೇ ಮರೆತು ಬಂದಳು. ಹೋಗುವಾಗ ಮದ್ದು ಹಿಡಿದು ತನ್ನ ಜೊತೆ ಹರಿಗೋಲಿನಲ್ಲಿ ದಾಟಿದವರ ಮಡಿಲುಗಳು ಈಗ ಅವಳ ಕಣ್ಣ ಮುಂದೆ ಬಂದವು. ಯಾರಿಗೆ ಏನು ಎಂಬುದು ಯಾರಿಗಾದರೂ ಕೂತಲ್ಲೇ ತಿಳಿಯುವಂತಿತ್ತು. ತಾನು ಉಪಕಾರಕ್ಕೆ ಆರಿಸಿದ ಎಲೆ ಹೀಗೆ ಊರೆಲ್ಲ ಕೂಗಿ ಹೇಳುತ್ತಿದೆಯಲ್ಲ ಎಂದು ನಾಚಿಕೆಯಿಂದ ತಲೆ ತಗ್ಗಿಸಿದಳು. ಮನೆಗೆ ಬಂದು ಬಿಕ್ಕಿ ಬಿಕ್ಕಿ ಅತ್ತಳು.

ಅತ್ತು ಮುಗಿಸಿ ಯೋಚಿಸಿದಳು. ಎಲೆಯನ್ನು ಬಿಡುವಂತಿಲ್ಲ, ಬಿಟ್ಟರೆ ಮತ್ತೆ ಮದ್ದು ಅದಲುಬದಲಾಗುತ್ತದೆ. ಹಾಗಾದರೆ ಎಲೆ ಒಳಗಿರಲಿ. ಅದರ ಮೇಲೆ ಒಣಗಿದ ಬಾಳೆಲೆ ಸುತ್ತಿ ಬಾಳೆನಾರಿನಿಂದ ಬಿಗಿದು ಕಟ್ಟಿದರೆ, ಮನೆಯಲ್ಲಿ ಬಿಚ್ಚಿದವರಿಗೆ ಮಾತ್ರ ಗೊತ್ತಾಗುತ್ತದೆ. ಹೊಳೆ ದಾಟಿದ್ದು ಕಾಣುತ್ತದೆ, ಏನು ಒಯ್ದರು ಎಂಬುದು ಕಾಣುವುದಿಲ್ಲ.

ತೊನ್ನಿನ ಮದ್ದಿಗೆ ಬರುತ್ತಿದ್ದವನೊಬ್ಬನಿಗೆ ಹೇಳಿಕಳಿಸಿ, ಮೊದಲು ಅವನಿಗೆ ಹಾಗೆ ಕಟ್ಟಿಕೊಟ್ಟಳು. ಅವನು ಹಿಗ್ಗಿ ಒಯ್ದ. ವಾರ ಕಳೆಯುವುದರೊಳಗೆ ಮುಖ ಸಣ್ಣದು ಮಾಡಿಕೊಂಡು ಬಂದ.

"ಏನಾಯಿತಪ್ಪಾ? ಯಾರಾದರೂ ಬಿಚ್ಚಿ ನೋಡಿದರೇ?"

"ಬಿಚ್ಚಬೇಕಾಗಿಯೇ ಇಲ್ಲ ಅವ್ವ. ಹರಿಗೋಲಿನಲ್ಲಿ ಹನ್ನೊಂದು ಜನ. ಹತ್ತು ಜನರದು ಬಿಚ್ಚು ಪೊಟ್ಟಣ, ನನ್ನದೊಂದೇ ಕಟ್ಟಿದ್ದು. 'ಮುಚ್ಚುವಂಥ ರೋಗವೇ ಇರಬೇಕು' ಎಂದರು. ಮೊದಲು ಎಲೆ ನೋಡಿ ಹೇಳುತ್ತಿದ್ದರು, ಈಗ ಗಂಟು ನೋಡಿ ಹೇಳುತ್ತಾರೆ."

ಅವ್ವ ಹಣೆ ಬಡಿದುಕೊಂಡಳು.

ಮರುಳಸಿದ್ಧ ತಡೆಯಲಾರದೆ, "ಹಾಗಾದರೆ ಎಲ್ಲರದನ್ನೂ ಕಟ್ಟಬೇಕಿತ್ತು!" ಎಂದ.

"ನಿನಗೆ ಇಲ್ಲಿ ಕೂತು ಹೇಳಲು ಸುಲಭ. ಅವಳು ಮುದುಕಿ. ದಿನಕ್ಕೆ ನಲವತ್ತು ಪೊಟ್ಟಣ, ನಲವತ್ತು ಗಂಟು, ಬೆರಳು ಮಡಿಚಲು ಬಾರದು. ಆದರೂ ಕೂತು ಕಟ್ಟಿದಳು. ಅವಳ ಬೆರಳಿನ ನೋವು ದೊಡ್ಡದಾಗಲಿಲ್ಲ. ತೊಡಕು ಬಂದದ್ದು ಬೇರೆ ಕಡೆಯಿಂದ."

ಕೆಮ್ಮಿನವರು ಒಪ್ಪಲಿಲ್ಲ. ಜ್ವರದವರು ಒಪ್ಪಲಿಲ್ಲ. "ನಮ್ಮದೇನು ಮುಚ್ಚಿಡುವ ರೋಗವೇ? ಎಲ್ಲರಿಗೂ ಬರುವ ನೆಗಡಿ ಕೆಮ್ಮು. ಇದನ್ನು ಕಟ್ಟಿಕೊಂಡು ಹೋದರೆ ಜನ ಏನಾದರೂ ತಿಳಿದುಕೊಂಡಾರು" ಎಂದು ಅಲ್ಲೇ ಗಂಟು ಬಿಚ್ಚಿ, ಮೇಲಿನ ಬಾಳೆಲೆ ಎಸೆದು ಹೊರಟರು. ಸಂಜೆ ಹೊತ್ತಿಗೆ ಅವಳ ಅಂಗಳದ ತುಂಬ ಬಾಳೆಲೆ.

ಏಳು ಹಳ್ಳಿಗೂ ಮರ್ಯಾದಸ್ಥನಾದ ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಹತ್ತು ವರ್ಷದ ಹಳೆಯ ಕೆಮ್ಮು. ಅವನು ಮಾಡಿದ್ದನ್ನು ಊರು ಮಾಡುತ್ತಿತ್ತು. ಅವ್ವ ಅವನನ್ನೇ ಹಿಡಿದಳು. ಕಟ್ಟಿದ ಪೊಟ್ಟಣ ಕೈಯಲ್ಲಿಟ್ಟು, "ಸಾಹುಕಾರರೇ, ಇದನ್ನು ಬಿಚ್ಚದೆ ಮನೆಗೆ ಒಯ್ಯಬೇಕು" ಎಂದಳು.

ವ್ಯಾಪಾರಿಗೆ ಸಿಟ್ಟು ಬಂತು. "ಏನವ್ವ ಇದು ಹೊಸ ಕಾಟ? ನನಗಿರುವುದು ಬರೀ ಕೆಮ್ಮು, ಲೋಕಕ್ಕೆಲ್ಲ ಗೊತ್ತು. ನಾಳೆ ನನಗೆ ತೊನ್ನು ಎಂದರೆ ನನ್ನ ಕೈಯಿಂದ ಬಟ್ಟೆ ಯಾರು ಮುಟ್ಟುತ್ತಾರೆ?"

"ಅನ್ನಬಹುದು" ಎಂದಳು ಅವ್ವ. ಸುಳ್ಳು ಹೇಳಲಿಲ್ಲ. "ಹರಿಗೋಲು ಹತ್ತಲಾರದೆ ಒಬ್ಬರು ಮದ್ದು ಬಿಟ್ಟಿದ್ದಾರೆ. ಮದ್ದು ಬಿಟ್ಟು ಬೆಂಕಿಗೆ ಬಿದ್ದಿದ್ದಾರೆ."

"ಯಾರು?"

"ಹೇಳುವುದಿಲ್ಲ."

"ಯಾವ ಊರು?"

"ಹೇಳುವುದಿಲ್ಲ."

ವ್ಯಾಪಾರಿ ಪೊಟ್ಟಣವನ್ನು ಅಲ್ಲೇ ಇಟ್ಟು, ಮುಖ ಊದಿಸಿಕೊಂಡು ಹೊಳೆಯ ಮೆಟ್ಟಿಲವರೆಗೆ ಹೋದ. ಖಾಲಿ ಕೈಯಲ್ಲಿ ಹೋದ, ದಾರಿಯುದ್ದಕ್ಕೂ ಕೆಮ್ಮುತ್ತ ಹೋದ. ಮೆಟ್ಟಿಲ ಮೇಲೆ ನಿಂತ. ಏನು ಅನ್ನಿಸಿತೋ, ಹಾಗೇ ತಿರುಗಿ ಬಂದ.

"ನನ್ನ ವಿಷಯ ಯಾರಾದರೂ ಕೇಳಿದರೂ ಹೀಗೆಯೇ ಹೇಳುವುದಿಲ್ಲ ಎನ್ನುತ್ತೀಯಾ?"

"ನಿಮ್ಮ ಕೆಮ್ಮನ್ನೂ ಹೇಳುವುದಿಲ್ಲ."

ವ್ಯಾಪಾರಿಗೆ ನಗು ಬಂತು. ನಕ್ಕು, ಕೆಮ್ಮಿ, ಕಣ್ಣು ಒರೆಸಿಕೊಂಡು ಪೊಟ್ಟಣಕ್ಕೆ ಕೈ ಚಾಚಿದ.

ಹರಿಗೋಲಿನಲ್ಲಿ ಆ ದಿನ ಒಂಬತ್ತು ಜನ. ವ್ಯಾಪಾರಿಯ ಮಡಿಲಿನ ಗಂಟು ನೋಡಿ ಅಂಬಿಗನ ಹುಬ್ಬು ಮೇಲೆ ಹೋಯಿತು.

"ಏನು ಸಾಹುಕಾರರೇ, ಕಟ್ಟಿದ್ದು ಒಯ್ಯುತ್ತಿದ್ದೀರಲ್ಲ! ಏನದು?"

ಕೆಮ್ಮಿನದಪ್ಪಾ ಎಂಬ ಮಾತು ವ್ಯಾಪಾರಿಯ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಅಂದುಬಿಟ್ಟಿದ್ದರೆ ಅವನ ಪಾಲಿಗೆ ಎಲ್ಲ ಸರಿಹೋಗುತ್ತಿತ್ತು. ಅನ್ನಲಿಲ್ಲ.

"ಮದ್ದು" ಎಂದ.

"ಯಾವುದಕ್ಕೆ?"

"ಮೈಗೆ."

ಸುತ್ತ ಕೂತವರೆಲ್ಲ ಆ ಗಂಟನ್ನೇ ನೋಡಿದರು. ಆಮೇಲೆ ಒಂದು ತಿಂಗಳು ಅವನು ಪಟ್ಟ ಪಾಡು ಕೇಳಬೇಡ. ಬಟ್ಟೆ ಅಳೆಯುವಾಗ ಗಿರಾಕಿಗಳು ಬಟ್ಟೆ ಬಿಟ್ಟು ಅವನ ಬೆರಳು ನೋಡುತ್ತಿದ್ದರು. ಬೀಗರು ಯಾವುದೋ ನೆಪ ಹೇಳಿ ಊಟಕ್ಕೆ ಬರುವುದನ್ನು ತಪ್ಪಿಸಿದರು. ಹೆಂಡತಿ, "ಬರೀ ಕೆಮ್ಮು ಎಂದು ಒಂದು ಮಾತು ಹೇಳಲು ನಿಮಗೇನು ಧಾಡಿ?" ಎಂದು ರೇಗಿದಳು. ಅವನು ಬಾಯಿ ಬಿಡಲಿಲ್ಲ. ಮುಂದಿನ ತಿಂಗಳು ಮತ್ತೆ ಹೋಗಿ ಕಟ್ಟಿದ ಪೊಟ್ಟಣವನ್ನೇ ತಂದ.

ಆ ಸಲ ಶಾಲೆಯ ಮೇಷ್ಟ್ರೊಬ್ಬರು ತಮ್ಮ ನೆಗಡಿಯ ಪೊಟ್ಟಣವನ್ನು ಬಿಚ್ಚದೆ ಒಯ್ದರು. ಮಾರನೆಯ ವಾರ ಗೌಡರ ತಾಯಿ ಒಯ್ದರು. ಅವರು ಒಯ್ದ ಮೇಲೆ ಗೌಡರ ಕೇರಿಯೆಲ್ಲ ಒಯ್ದಿತು. ಅಂಗಳದಲ್ಲಿ ಬಾಳೆಲೆ ಬೀಳುವುದು ಕಡಮೆಯಾಗುತ್ತ ಬಂದು ಒಂದು ದಿನ ನಿಂತೇಹೋಯಿತು. ಹರಿಗೋಲಿನಲ್ಲಿ ಹತ್ತು ಜನ ಕೂತರೆ ಹತ್ತು ಮಡಿಲಿನಲ್ಲೂ ಒಂದೇ ಥರದ ಗಂಟು. ಅಂಬಿಗನಿಗೆ ಮಾತಿಗೆ ಉಳಿದದ್ದು ಮೀನು, ಮಳೆ, ಹೊಳೆಯ ನೀರು. ಅವನೇನೂ ಬೇಸರಪಟ್ಟುಕೊಳ್ಳಲಿಲ್ಲ. ಮಾತಾಡುವವನಿಗೆ ಏನಾದರೂ ಸಿಕ್ಕೇ ಸಿಗುತ್ತದೆ.

ಒಂದು ಅಮಾವಾಸ್ಯೆಯ ಮಾರನೆಯ ದಿನ ಕುಂಬಾರ ದಡಕ್ಕೆ ಬಂದು ನಿಂತ. ಎರಡು ಸರದಿ ಹರಿಗೋಲನ್ನು ಹಾಗೆಯೇ ಹೋಗಲು ಬಿಟ್ಟ. ಇಳಿದು ಬರುವವರ ಕೈಗಳನ್ನು ನೋಡಿದ. ಮೂರನೆಯದನ್ನು ಹತ್ತಿದ. ಬರುವಾಗ ಅವನ ಪಕ್ಕದಲ್ಲಿ ಬಟ್ಟೆ ವ್ಯಾಪಾರಿಯೇ ಕೂತಿದ್ದ. ಇಬ್ಬರ ಮೊಣಕಾಲೂ ತಾಗುತ್ತಿದ್ದವು, ಇಬ್ಬರ ಮಡಿಲಲ್ಲೂ ಗಂಟು. ವ್ಯಾಪಾರಿ, "ಈ ಸಲ ಮಡಕೆಗೆ ಮಣ್ಣು ಚೆನ್ನಾಗಿ ಸಿಕ್ಕಿತೇ?" ಎಂದು ಕೇಳಿದ. ಕುಂಬಾರ, "ಸಿಕ್ಕಿತು ಸಾಹುಕಾರರೇ" ಎಂದ. ತಾನು ಯಾರಿಗಾಗಿ ಒಂದು ತಿಂಗಳು ಮಾತು ಕೇಳಿದೆನೋ ಅವನೇ ಪಕ್ಕದಲ್ಲಿ ಕೂತಿದ್ದಾನೆ ಎಂದು ವ್ಯಾಪಾರಿಗೆ ಆಗಲೂ ಗೊತ್ತಾಗಲಿಲ್ಲ, ಸಾಯುವವರೆಗೂ ಗೊತ್ತಾಗಲಿಲ್ಲ.

ಹುಡುಗಿ ಮತ್ತೆ ಬೀಳಲಿಲ್ಲ. ಸುಟ್ಟ ಕೈ ವಾಸಿಯಾಯಿತು, ಕಲೆ ಉಳಿಯಿತು. ಎರಡು ವರ್ಷದ ಮೇಲೆ ಇನ್ನೊಂದು ಗಂಡು ಬಂದಾಗ ಅವಳೇ ಅವನನ್ನು ಆವಿಗೆಯ ಹತ್ತಿರ ಕರೆದುಕೊಂಡು ಹೋಗಿ, ಕೈ ತೋರಿಸಿ, ತನ್ನ ರೋಗವನ್ನು ಮೊದಲಿನಿಂದ ಹೇಳಿದಳು. ಅವನು ಯೋಚಿಸಲು ಎರಡು ದಿನ ಕೇಳಿದ. ಮೂರನೆಯ ದಿನ ಬಂದು ಒಪ್ಪಿಗೆ ಹೇಳಿದ.

ಗುರುಗಳು ಕತೆ ನಿಲ್ಲಿಸಿದರು.  ಕುಂಬಾರನ ಮಗಳು ಬದುಕಿಕೊಂಡಳಲ್ಲ ಎಂದು ಮರುಳಸಿದ್ಧನಿಗೆ ನಿಜವಾಗಿ ಸಂತೋಷವಾಗಿತ್ತು. ಆದರೆ ಮನಸ್ಸಿನ ಒಂದು ಮೂಲೆಯಲ್ಲಿ ಬೀಗಕ್ಕೆ ಕಳೆಯಬೇಕಾದ ಆ ಭಾನುವಾರಗಳು ಇನ್ನೂ ಕೂತಿದ್ದವು.

"ಬುದ್ಧಿ, ಕತೆ ಒಪ್ಪಿದೆ. ರೋಗದ ವಿಷಯ ಹೇಳುವ ಸೈಟಿಗೆ ಬೀಗ ಬೇಕು. ಯಾರು ಯಾವ ಪುಟ ಓದಿದರು ಎಂದು ದಾರಿಯಲ್ಲಿರುವವರಿಗೆ ಕಾಣಬಾರದು. ನನ್ನದು ಬರೀ ಸೋಬಾನೆ ಪದ. ಅದನ್ನು ಓದಿದ್ದಕ್ಕೆ ನಾಚಿಕೊಳ್ಳುವವರು ಯಾರೂ ಇಲ್ಲ. ಅಷ್ಟೆಲ್ಲ ಒದ್ದಾಡಿ ಆ ಬೀಗ ಹಾಕಿದರೆ ನನಗೆ ಏನು ಸಿಗುತ್ತದೆ?"

"ನಿನಗೆ ಏನೂ ಸಿಗುವುದಿಲ್ಲ, ಅದಕ್ಕೇ ಮೊದಲು ನೀನು ಹಾಕಬೇಕು" ಎಂದರು ಗುರುಗಳು.

ಮರುಳಸಿದ್ಧನಿಗೆ ಬಟ್ಟೆ ವ್ಯಾಪಾರಿಯ ಕೆಮ್ಮು ನೆನಪಾಯಿತು; ಬರುವ ಭಾನುವಾರವೇ ಕೂರುತ್ತೇನೆ ಎಂದು ಎದ್ದ.